ಗಾಲಿ ಮೇಲಿನ ಹೊಸ್ತಿಲು

ಹೊಸ್ತಿಲು ಬೇಡ ಎಂದು ಒಂದು ಮಾತು ಹೇಳಿದ್ದರೆ ಸಾಕಿತ್ತು. ಕೊಟ್ರೇಶ ಹೇಳಲಿಲ್ಲ. ಹೇಳದೇ ಸುಮ್ಮನಿದ್ದ ತಪ್ಪಿಗೆ ಆ ಭಾನುವಾರ ಅವನು ಪಟ್ಟ ಪಾಡು ಹಗೆಯವರಿಗೂ ಬೇಡ.

ಕೊಟ್ರೇಶನದು ಕುಕನೂರಿನಲ್ಲಿ ಬೀಜ, ಗೊಬ್ಬರದ ಅಂಗಡಿ. ಅಂಗಡಿಯ ಹಿಂದೆಯೇ ಮನೆ. ಮನೆಯಲ್ಲಿ ಅವನು, ಹೆಂಡತಿ ರೇಣುಕಾ, ಇಬ್ಬರು ಮಕ್ಕಳು, ಅವ್ವ ಪಂಪಮ್ಮ, ಕಾಕಾ ಕಳಕಪ್ಪ. ಲೆಕ್ಕಕ್ಕೆ ಇವರಿಷ್ಟೇ, ಹಬ್ಬಕ್ಕೆ ಬಂದು ವಾರಗಟ್ಟಲೆ ಉಳಿಯುವ ಅಕ್ಕನ ಮನೆಯವರನ್ನು ಬಿಟ್ಟು. ಆದರೆ ಸಜ್ಜೆ ಬೀಜ ಕೊಳ್ಳಲು ಬಂದವರು ಪಡಸಾಲೆಯಲ್ಲಿ ಕೂತು ಚಹಾ ಕುಡಿದೇ ಏಳುವ ಪದ್ಧತಿ ಅವನ ಅಪ್ಪನ ಕಾಲದಿಂದ ಬಂದದ್ದು, ಅದನ್ನು ಬಿಡಿಸುವ ಧೈರ್ಯ ಯಾರಿಗಿದೆ? ಗಂಡ ಹೆಂಡತಿ ಎರಡು ಮಾತಾಡಬೇಕೆಂದರೆ ಹಪ್ಪಳ ಒಣಹಾಕುವ ನೆಪ ಮಾಡಿ ಮಾಳಿಗೆ ಹತ್ತಬೇಕು. ಹತ್ತಿದರೆ ಪಕ್ಕದ ಮಾಳಿಗೆಯಲ್ಲಿ ಮುದುಕವ್ವ ಮೆಣಸಿನಕಾಯಿ ಹರವಿಕೊಂಡು ಕೂತಿರುತ್ತಿದ್ದಳು. ಮದುವೆಯಾದ ಹೊಸತರಲ್ಲಿ ಇಬ್ಬರೂ ಬಾದಾಮಿಗೆ ಹೋಗಿ ಬಂದಿದ್ದರು. ಇಬ್ಬರು ಎಂದರೆ, ಇಬ್ಬರ ಜೊತೆ ಒಂದು ಟೆಂಪೊ ತುಂಬ ಮಂದಿ.

ಒಂದು ದಿನ ರೇಣುಕಾ ಚಹಾದ ಲೋಟ ಕೊಡಲು ಬಾಗಿದಾಗ ಕೊಟ್ರೇಶ ಆಕೆಯ ಕಿವಿಯ ಮೇಲೆ ಬಿಳಿ ಕೂದಲು ಕಂಡ. ಒಂದೆರಡಲ್ಲ, ಒಂದು ಎಳೆಯಷ್ಟು. ಅವು ಯಾವಾಗ ಬಂದವೆಂದು ಅವನಿಗೆ ಗೊತ್ತಿರಲಿಲ್ಲ. ಒಂದೇ ಮನೆಯಲ್ಲಿ ಇದ್ದೂ ಹೆಂಡತಿಯ ಮುಖ ನೋಡದೇ ಇಷ್ಟು ವರ್ಷ ಕಳೆದೆನಲ್ಲ ಎಂದುಕೊಂಡ.

ಅದೇ ವಾರ ಅವನು ಮೊಬೈಲಿನಲ್ಲಿ ಆ ಗಾಡಿ ನೋಡಿದ. ಪರದೇಶದ ಯಾರೋ ಒಬ್ಬ ಮನೆಯ ಅಂಗಳದಲ್ಲೇ ಕಟ್ಟಿಗೆಯಲ್ಲಿ ಮಾಡಿದ್ದು. ನೀರಿನ ಹನಿಯ ಆಕಾರ, ಕೆಳಗೆ ಎರಡು ಗಾಲಿ, ಒಳಗೆ ಇಬ್ಬರು ಮಲಗುವಷ್ಟು ಹಾಸಿಗೆ. ಹಿಂದಿನ ಮುಚ್ಚಳ ಎತ್ತಿದರೆ ಅಲ್ಲೇ ಒಲೆ, ಪಾತ್ರೆಯ ಕಪಾಟು. ಮೋಟಾರಿಗೆ ಕಟ್ಟಿಕೊಂಡು ಹೊರಟರೆ ಕೆರೆಯ ದಂಡೆಯೋ ಗುಡ್ಡದ ಬುಡವೋ, ಎಲ್ಲಿ ನಿಂತರೆ ಅಲ್ಲೇ ವಸ್ತಿ. ಕೊಟ್ರೇಶನಿಗೆ ಎಲ್ಲಕ್ಕಿಂತ ಹಿಡಿಸಿದ್ದು ಒಂದೇ ಮಾತು: ಮೂರನೆಯವರು ಬಂದೇ ತೀರುತ್ತೇನೆಂದರೂ ಒಳಗೆ ಜಾಗವಿಲ್ಲ.

ಬಡಗಿ ಕಾಶಿನಾಥನನ್ನು ಕರೆಸಿದ. ಕಾಶಿನಾಥ ಬಾಗಿಲು, ತೊಟ್ಟಿಲು, ಎತ್ತಿನ ಗಾಡಿ ಮಾಡುವವನು. ಗುಜರಿಯಿಂದ ಹಳೇ ಅಚ್ಚು, ಗಾಲಿ ತಂದರು. ಬೇವಿನ ಪಟ್ಟಿ ಬಾಗಿಸಿ ಪಕ್ಕೆಲುಬು ಮಾಡಿದರು, ಮೇಲೆ ಪ್ಲೈವುಡ್ ಹೊದಿಸಿದರು. ಪ್ರತಿ ಭಾನುವಾರ ಕೊಟ್ರೇಶ ತಾನೇ ಉಪ್ಪುಕಾಗದ ಹಿಡಿದು ಕಟ್ಟಿಗೆ ಉಜ್ಜುತ್ತ ಕೂತ. ಎಂಟು ತಿಂಗಳಿಗೆ ಅಂಗಳದಲ್ಲಿ ಅರ್ಧ ಸೀಳಿ ಬೋರಲು ಹಾಕಿದ ಬದನೆಕಾಯಿಯಂಥದ್ದೊಂದು ಎದ್ದು ನಿಂತಿತು. ಕೊನೆಗೆ ಬಾಗಿಲು ಕೂಡಿಸುವ ದಿನ ಕಾಶಿನಾಥ ಸಾಗವಾನಿಯ ಒಂದು ತುಂಡು ತಂದ.

"ಇದೇನು?" ಎಂದ ಕೊಟ್ರೇಶ.

"ಹೊಸ್ತಿಲರಿ. ಹೊಸ್ತಿಲ ಇಲ್ದ ಬಾಗಿಲಾ ನಮ್ಮ ಮನೆತನದಾಗ ಯಾರೂ ಕೂಡಿಸಿಲ್ಲ. ನಾ ಕೂಡಿಸಿದ್ರ ನಮ್ಮಪ್ಪ ಕನಸಿನ್ಯಾಗ ಬಂದು ಬೈತಾನ."

ಸತ್ತವನ ಬೈಗುಳ ಯಾಕೆ ತಿನ್ನಿಸಬೇಕೆಂದು ಕೊಟ್ರೇಶ ಹೂಂ ಅಂದ. ಹಿತ್ತಾಳೆಯ ಹೂ ಬಡಿದ ಹೊಸ್ತಿಲು ನೋಡಲು ಚಂದವಾಗಿಯೇ ಇತ್ತು.

ಭಾನುವಾರ ನಸುಕಿನಲ್ಲಿ ಹೊರಡುವುದೆಂದು ನಿಶ್ಚಯವಾಯಿತು. ಮುನಿರಾಬಾದಿನ ಹತ್ತಿರ ತುಂಗಭದ್ರೆಯ ಹಿನ್ನೀರು, ಒಂದು ಹಗಲು, ಒಂದು ರಾತ್ರಿ, ತಾನು ಮತ್ತು ರೇಣುಕಾ. ಅವ್ವನಿಗೆ "ಗಾಡಿ ಹೆಂಗ ಓಡತೈತಿ ನೋಡ್ಕೊಂಡು ಬರ್ತೀವಿ" ಎಂದಷ್ಟೇ ಹೇಳಿದ್ದ. ಹಳೇ ಜೀಪಿಗೆ ಗಾಡಿ ಕಟ್ಟಿ ಬೀದಿಗೆ ತಂದು ನಿಲ್ಲಿಸಿ, ನೀರಿನ ಕ್ಯಾನು ತರಲು ಒಳಗೆ ಹೋದ.

ರೇಣುಕಾ ಸ್ನಾನ ಮಾಡಿ, ದಿನದ ರೂಢಿಯಂತೆ ಮನೆಯ ಹೊಸ್ತಿಲಿಗೆ ಅರಿಷಿಣ ಕುಂಕುಮ ಹಚ್ಚಿದಳು. ಬೆರಳಲ್ಲಿ ಇನ್ನೂ ಉಳಿದಿತ್ತು. ಎದುರಿಗೆ ಇನ್ನೊಂದು ಹೊಸ್ತಿಲು ಬೋಳಾಗಿ ನಿಂತದ್ದು ಕಂಡು ಅದಕ್ಕೂ ಹಚ್ಚಿ, ಎರಡು ಹೂ ಇಟ್ಟಳು. ಸರಿಯಾಗಿ ಆಗಲೇ ಮುದುಕವ್ವ ಆಕಳು ಬಿಚ್ಚಲು ಹೊರಗೆ ಬಂದಳು. ಊರಿನ ಹೆಣ್ಣುಮಕ್ಕಳಿಗೆ ಶಾಸ್ತ್ರದಲ್ಲಿ ಏನೇ ಸಂಶಯ ಬಂದರೂ ಮುದುಕವ್ವನ ಮಾತೇ ಕೊನೆಯ ಮಾತು.

"ಪಂಪವ್ವಾ, ಹೊಸಾ ಮನಿಗೆ ಪೂಜಿ ಮಾಡೀರಿ, ಒಂದು ಮಾತು ಹೇಳಲಿಲ್ಲಲ್ಲ," ಎಂದಳು ಬಾಗಿಲಲ್ಲಿ ನಿಂತಿದ್ದ ಪಂಪಮ್ಮನಿಗೆ.

"ಮನಿ ಅಲ್ಲಬೇ, ಅದು ಗಾಡಿ," ಎಂದ ಕೊಟ್ರೇಶ ಕ್ಯಾನು ಹೊತ್ತು ಬರುತ್ತ.

"ಮಲಗಾಕ ಜಾಗ ಐತಿ. ಒಲಿ ಐತಿ. ಬಾಗಿಲಾ ಐತಿ. ಹೊಸ್ತಿಲಕ್ಕ ಅರಿಷಿಣ ಬಿದ್ದೈತಿ. ಇನ್ನೇನು ಬೇಕೋ ತಮ್ಮಾ ಮನಿ ಅನ್ನಾಕ?"

ಎದುರುಮನೆಯ ಹಾಲೇಶ ಹಲ್ಲುಜ್ಜುತ್ತ ಬಂದ. ಅವನು ರಿಟೈರಾದ ಬಸ್ ಕಂಡಕ್ಟರ್. ಗಾಲಿ ಇದ್ದ ಯಾವುದೇ ವಸ್ತುವಿನ ಬಗ್ಗೆ ಅಭಿಪ್ರಾಯ ಕೊಡುವುದು ತನ್ನ ಹಕ್ಕೆಂದು ತಿಳಿದವನು. "ಗಾಲಿ ಅದಾವಂದ್ರ ಗಾಡಿನ. ಎರಡು ನಿಂಬಿಹಣ್ಣು ಗಾಲಿ ಕೆಳಗ ಇಟ್ಟು ಹೊಡದ್ರ ಮುಗೀತು," ಎಂದ. ಕೊಟ್ರೇಶನಿಗೆ ಅವನ ಕಾಲು ಹಿಡಿಯಬೇಕೆನಿಸಿತು.

"ನಿಮ್ಮ ಬಸ್ಸಿಗೆ ಹೊಸ್ತಿಲ ಇತ್ತೇನು?" ಕೇಳಿದಳು ಮುದುಕವ್ವ.

"ಮೆಟ್ಟಲಾ ಇದ್ದೂವು."

"ಮೆಟ್ಟಲಕ್ಕ ಯಾರರ ಅರಿಷಿಣ ಹಚ್ಯಾರೇನು?"

ಹಾಲೇಶ ಬಾಯಿ ಮುಕ್ಕಳಿಸುವ ನೆಪದಲ್ಲಿ ಆಚೆ ಹೋದ. ಪಂಪಮ್ಮನ ಮುಖ ಸಣ್ಣದಾಗಿತ್ತು. "ಶಾಸ್ತ್ರ ಮಾಡಲಾರದ ಮನಿಯಾಗ ನನ್ನ ಸೊಸಿ ಮಲಗೂದು ಬ್ಯಾಡಪ್ಪಾ. ನಾಳೆ ಏನರ ಹೆಚ್ಚು ಕಡಿಮಿ ಆದ್ರ ನಾ ಯಾರಿಗೆ ಮುಖ ತೋರಸ್ಲಿ?" ಎಂದು ಸೆರಗಿನಿಂದ ಕಣ್ಣೊರೆಸಿಕೊಂಡಳು.

ಅವ್ವನ ಕಣ್ಣೀರಿನ ಮುಂದೆ ಕೊಟ್ರೇಶ ಎಂದೂ ಗೆದ್ದವನಲ್ಲ. ಅರ್ಧ ತಾಸಿನ ಕೆಲಸ, ಮುಗಿಸಿಯೇ ಹೋದರಾಯಿತು ಎಂದು ರೇಣುಕಾಳ ಕಡೆ ನೋಡಿದ. ಆಕೆ ಎಂದಿನಂತೆ "ಹೂಂ" ಅಂದು ಸೆರಗು ಸಿಕ್ಕಿಸಿ ಒಳಗೆ ಹೋದಳು.

ಗೃಹಪ್ರವೇಶ ಎಂದ ಮೇಲೆ ಮೊದಲು ಆಕಳು ಒಳಗೆ ಹೋಗಬೇಕು. ಮುದುಕವ್ವ ತನ್ನ ಆಕಳನ್ನೇ ಹಿಡಿದು ತಂದಳು. ಆಕಳು ಗಾಡಿಯ ಬಾಗಿಲು ನೋಡಿತು, ತನ್ನ ಹೊಟ್ಟೆಯ ಅಳತೆ ಅದಕ್ಕೆ ಚೆನ್ನಾಗಿ ಗೊತ್ತಿತ್ತು. ಕತ್ತು ಮಾತ್ರ ಒಳಗೆ ಹಾಕಿ ನಿಂತುಬಿಟ್ಟಿತು. ಕಳಕಪ್ಪ ಹಿಂದಿನಿಂದ ನೂಕಿದ, ಹಾಲೇಶ "ಒಳಗ ಸರೀರಿ, ಒಳಗ ಸರೀರಿ" ಎಂದ. ಗಾಡಿ ಕಿರ್ರ್ ಎಂದಿತು. ಎಂಟು ತಿಂಗಳ ಕೆಲಸ ಕಣ್ಣೆದುರೇ ಬಿಚ್ಚಿಕೊಳ್ಳುತ್ತದೆಂದು ಕೊಟ್ರೇಶ ಅಡ್ಡ ಹೋಗಿ ಕೈಮುಗಿದ.

"ಹೋಗ್ಲಿ, ಕರಾ ಹೋದ್ರೂ ನಡೀತೈತಿ," ಎಂದಳು ಮುದುಕವ್ವ.

ಕರು ಒಂದೇ ನೆಗೆತಕ್ಕೆ ಒಳಗೆ ಹೋಯಿತು. ಹೋಗಿ, ಕೊಪ್ಪಳದಿಂದ ತಂದ ಹೊಸ ಹಾಸಿಗೆಯ ಮೇಲೆ ಕಾಲು ಮಡಚಿ ಮಲಗಿತು. ಹುಲ್ಲು ತೋರಿಸಿದರೂ ಏಳಲಿಲ್ಲ, ತಾಯಿ ಅಂಬಾ ಎಂದು ಕರೆದರೂ ಏಳಲಿಲ್ಲ. ಬಹಳ ಹೊತ್ತಿನ ಮೇಲೆ ಎದ್ದು ನಿಂತು, ಬಾಲ ಎತ್ತಿ, ಹಾಸಿಗೆಯ ನಡುವೆ ತನ್ನ ಕೆಲಸ ಮುಗಿಸಿತು. ಹೆಂಗಸರೆಲ್ಲ ಒಳ್ಳೆಯ ಶಕುನವೆಂದು ಕೈಮುಗಿದರು. ಕೊಟ್ರೇಶ ಮಾತ್ರ ಆ ಹಾಸಿಗೆಯ ಬಣ್ಣ ಆರಿಸಲು ಕೊಪ್ಪಳದ ಮೂರು ಅಂಗಡಿ ತಿರುಗಿದ್ದು ನೆನೆದುಕೊಂಡ. ರೇಣುಕಾ ಬಾಯಿಗೆ ಸೆರಗು ಒತ್ತಿಕೊಂಡು ನಗುತ್ತಿದ್ದಳು. ಆಕೆ ಹಾಗೆ ನಕ್ಕದ್ದು ನೋಡಿ ಅವನಿಗೆ, ಹಾಸಿಗೆ ಹೋದರೆ ಹೋಗಲಿ, ಇವತ್ತು ಹೇಗಾದರೂ ಹೋಗಲೇಬೇಕು ಎನಿಸಿತು.

ಹಾಸಿಗೆ ತೊಳೆದು ಬಿಸಿಲಿಗೆ ಹಾಕಿದರು. ಗಾಡಿಯ ಹಿಂದಿನ ಮುಚ್ಚಳ ಎತ್ತಿ, ಆ ಸಣ್ಣ ಒಲೆಯ ಮೇಲೆ ಹಾಲು ಉಕ್ಕಿಸಿದರು. ಉಕ್ಕಿದ ಹಾಲು ಕೊಟ್ರೇಶ ತಾನೇ ನುಣುಪು ಮಾಡಿದ್ದ ಕಪಾಟಿನೊಳಗೆಲ್ಲ ಹರಿಯಿತು. ಹಾಲು ಉಕ್ಕಿದ ಮೇಲೆ ಓಣಿಯವರಿಗೆ ಊಟ ಹಾಕದಿರಲು ಬರುತ್ತದೆಯೇ? ಪಂಪಮ್ಮ ಗೋಧಿ ಹುಗ್ಗಿಗೆ ಇಟ್ಟಳು. ಹಾಲೇಶನ ಹೆಂಡತಿ ಹೊಳಿಯಮ್ಮ ಬದನೆಕಾಯಿ ಪಲ್ಯಕ್ಕೆ ಕೂತಳು. ಉಂಡವರೆಲ್ಲ ಒಬ್ಬೊಬ್ಬರಾಗಿ ಗಾಡಿಯೊಳಗೆ ತೂರಿ, ಮಲಗಿ ನೋಡಿ, ತಲೆ ಬಡಿಸಿಕೊಂಡು ಹೊರಗೆ ಬಂದರು. "ಛಲೋ ಐತಿ ಬಿಡು, ಆದ್ರ ಇಬ್ಬರಿಗೆ ಸಾಲೂದಿಲ್ಲ," ಎಂದು ಪ್ರತಿಯೊಬ್ಬರೂ ಹೇಳಿದರು. ರೇಣುಕಾ ಬಡಿಸುತ್ತ, ಎಲೆ ಎತ್ತುತ್ತ ಓಡಾಡಿದಳು. ಆಕೆ ಯಾವಾಗ ಉಂಡಳೋ ಕೊಟ್ರೇಶ ನೋಡಲಿಲ್ಲ.

ಹೊತ್ತು ನೆತ್ತಿ ದಾಟಿತ್ತು. ಈಗ ಹೊರಟರೂ ಹಿನ್ನೀರಿನಲ್ಲಿ ಸೂರ್ಯ ಮುಳುಗುವುದನ್ನು ನೋಡಬಹುದೆಂದು ಕೊಟ್ರೇಶ ಜೀಪಿನ ಕೀಲಿ ತೆಗೆದ. ಮುದುಕವ್ವ ಗಾಡಿಯ ಬಾಗಿಲಿಗೆ ಕೈ ಅಡ್ಡ ಹಿಡಿದಳು.

"ದೀಪ ಹಚ್ಚೀವಿ. ಮೊದಲನೇ ದಿನ ಹೊಸಾ ಮನಿ ಖಾಲಿ ಇರಬಾರದು. ಹಿರ್ಯಾರು ಒಳಗ ಇರಬೇಕು, ದೀಪ ಆರಬಾರದು."

ಕೊಟ್ರೇಶನಿಗೆ ತಾಳ್ಮೆ ತಪ್ಪಿತು. "ಹಂಗಾದ್ರ ನಾ ಊರಿಗೆ ಹೋಗೂದು ಬ್ಯಾಡೇನಬೇ?"

"ಹೋಗಬ್ಯಾಡ ಅಂತ ಯಾರಂದ್ರು? ಹಿರ್ಯಾರನ್ನ ಕೂಡಿಸ್ಕೊಂಡು ಹೋಗು."

"ಹೌದು, ಎಲ್ಲಿಗೆ ಹೊಂಟಿದ್ರಿ?" ಎಂದಳು ಪಂಪಮ್ಮ.

"ಮುನಿರಾಬಾದ್," ಎಂದ ಕೊಟ್ರೇಶ. ಹೇಳಿದ ಮೇಲೆ ನಾಲಗೆ ಕಚ್ಚಿಕೊಂಡ.

"ಅಲ್ಲೇ ಹುಲಿಗಿ ಐತಿ. ಅಮ್ಮನ ದರ್ಶನ ಮಾಡಿ ಭಾಳ ದಿನಾ ಆತು," ಎಂದಳು ಪಂಪಮ್ಮ.

ಅಷ್ಟೇ. ಒಂದು ಮಾತಿಗೆ ಓಣಿ ಎದ್ದಿತು. ಪಂಪಮ್ಮ, ಮುದುಕವ್ವ ಉಡಿ ತುಂಬುವ ಸಾಮಾನು ಕಟ್ಟಿಕೊಂಡು, ದೀಪವನ್ನು ಕೊಡದಲ್ಲಿ ಇಟ್ಟುಕೊಂಡು ಗಾಡಿಯಲ್ಲಿ ಕೂತರು. ಇಬ್ಬರಿಗೆ ಮಾಡಿದ ಜಾಗದಲ್ಲಿ ಇಬ್ಬರೇ ಕೂತರು, ಅದಕ್ಕೆ ಯಾರೂ ತಕರಾರು ಮಾಡುವಂತಿರಲಿಲ್ಲ. ಜೀಪಿನ ಹಿಂದೆ ಕಳಕಪ್ಪ, ಹೊಳಿಯಮ್ಮ, ಮಕ್ಕಳು, ಬುತ್ತಿಯ ಗಂಟುಗಳು. ಹಾಲೇಶ ಮುಂದೆ ಕಾಲಿಟ್ಟ.

"ಅಲ್ಲಿ ಬ್ಯಾಡ. ಮುಂದಿನ ಸೀಟು ರೇಣುಕಾಂದು," ಎಂದ ಕೊಟ್ರೇಶ. ಎಂದೂ ಎತ್ತದ ದನಿಯಲ್ಲಿ ಹೇಳಿದ್ದರಿಂದ ಹಾಲೇಶ ಕಾಲು ಹಿಂದೆ ತೆಗೆದ. ಒಂದು ಹಗಲು, ಒಂದು ರಾತ್ರಿ ಹೋಗಿ ಈಗ ಒಂದು ಸೀಟು ಉಳಿದಿತ್ತು. ಇರಲಿ, ದಾರಿಯುದ್ದಕ್ಕೂ ಪಕ್ಕದಲ್ಲಿ ಕೂತಿರುತ್ತಾಳಲ್ಲ, ಒಂದು ಮಾತಾದರೂ ಆಡಬಹುದು.

ರೇಣುಕಾ ಹೊರಗೆ ಬರಲೇ ಇಲ್ಲ. ಕೊಟ್ರೇಶ ಕರೆಯಲು ಒಳಗೆ ಹೋದ.

ಪಡಸಾಲೆಯಲ್ಲಿ ಫ್ಯಾನು ತಿರುಗುತ್ತಿತ್ತು. ರೇಣುಕಾ ಗೋಡೆಗೆ ಒರಗಿ, ಕಾಲು ಚಾಚಿ, ಕೂದಲು ಬಿಚ್ಚಿಕೊಂಡು ನೆಲದ ಮೇಲೆ ಕೂತಿದ್ದಳು. ಹಗಲಲ್ಲಿ ಆಕೆ ಹಾಗೆ ಕೂತದ್ದನ್ನು ಅವನು ನೋಡಿರಲಿಲ್ಲ.

"ಏಳು, ಎಲ್ಲಾರೂ ಹತ್ತ್ಯಾರ."

"ನಾ ಬರಂಗಿಲ್ರಿ."

"ಯಾಕ, ಮೈಯಾಗ ಹುಷಾರಿಲ್ಲೇನು?"

"ಹುಷಾರೇ ಅದೀನಿ. ಮನಿ ಖಾಲಿ ಆಗೈತಿ ನೋಡ್ರಿ," ಎಂದಳು. "ಮದುವಿ ಆಗಿ ಬಂದಾಗಿಂದ ಈ ಮನ್ಯಾಗ ನಾ ಒಬ್ಬಾಕಿನ ಒಂದು ತಾಸರ ಇದ್ದಿಲ್ಲ. ಯಾರೂ ಕರಿಯಂಗಿಲ್ಲ, ಯಾರೂ ಚಾ ಕೇಳಂಗಿಲ್ಲ. ಇವತ್ತೊಂದಿನ ಇಲ್ಲೇ ಬಿದ್ಕೋತೀನಿ."

ಕೊಟ್ರೇಶ ಆಕೆಯ ಎದುರಿಗೆ ಕುಕ್ಕರಗಾಲಲ್ಲಿ ಕೂತ. "ಇದೆಲ್ಲಾ ನಿನ್ನ ಸಲುವಾಗಿ ಮಾಡಿದ್ದು. ನಾವಿಬ್ಬರ ಎಲ್ಲೆರ ಹೋಗಿ ಇರೂನು ಅಂತ."

"ಗೊತ್ತೈತ್ರಿ. ಎಂಟು ತಿಂಗಳು ನೋಡೀನಲ್ಲ, ಖರೇನ ಭಾಳ ಛಲೋ ಮಾಡೀರಿ," ಎಂದಳು ರೇಣುಕಾ. ದನಿಯಲ್ಲಿ ಸಿಟ್ಟಿರಲಿಲ್ಲ, ಅದೇ ಅವನಿಗೆ ಹೆಚ್ಚು ನಟ್ಟಿತು. "ಆದ್ರ ಹಿಂದ ಒಲಿ ಇಟ್ಟೀರಿ. ಅಲ್ಲಿ ಹೋದ್ರೂ ರೊಟ್ಟಿ ಬಡಿಯಾಕಿ ನಾನ ಅಲ್ರಿ?"

ಕೊಟ್ರೇಶ ಹೊರಗೆ ನಿಂತ ಗಾಡಿಯ ಕಡೆ ನೋಡಿದ. ಒಲೆಗೆ ಗಾಳಿ ತಾಗದಂತೆ ತಗಡು ಬಡಿದದ್ದು ತಾನೇ, ರೊಟ್ಟಿ ಹಂಚಿಗೆ ಬೇರೆ ಮೊಳೆ ಹೊಡೆದದ್ದು ತಾನೇ. ಎಂಟು ತಿಂಗಳಲ್ಲಿ ಕಾಶಿನಾಥನನ್ನು ನೂರು ಸಲ ಕೇಳಿದ್ದ, ಅದು ಹೀಗಿರಲೋ ಹಾಗಿರಲೋ ಎಂದು. ನಿನಗೇನು ಬೇಕು ಎಂದು ಹೆಂಡತಿಯನ್ನು ಒಂದು ಸಲವೂ ಕೇಳಿರಲಿಲ್ಲ. ಕೇಳಿದ್ದರೆ ಇಷ್ಟು ಕಟ್ಟಿಗೆಯೇ ಬೇಕಿರಲಿಲ್ಲ, ಎಲ್ಲರನ್ನೂ ಹುಲಿಗಿ ಬಸ್ಸು ಹತ್ತಿಸಿದ್ದರೆ ಸಾಕಿತ್ತು.

"ಹಂಗಾದ್ರ ನಾನೂ ಇಲ್ಲೇ ಉಳೀತೀನಿ," ಎಂದ ಮೆಲ್ಲಗೆ.

"ಜೀಪು ಯಾರು ಹೊಡೀತಾರ? ಹಾಲೇಶಣ್ಣಗ ಸೀಟಿ ಹೊಡಿಯಾಕ ಬರತೈತಿ, ಅಷ್ಟ," ಎಂದು ರೇಣುಕಾ ನಕ್ಕಳು. ಬೆಳಿಗ್ಗೆ ನಕ್ಕದ್ದಕ್ಕಿಂತ ಈ ನಗು ಚಂದವಿತ್ತು. ಅದನ್ನು ನೋಡುತ್ತ ಇನ್ನಷ್ಟು ಹೊತ್ತು ಕೂತಿರಬೇಕೆನಿಸಿತು. ಹೊರಗೆ ಹಾರ್ನು ಕೇಳಿತು.

ಅವನು ಬಂದು ಜೀಪು ಹತ್ತಿದ. ಸೊಸೆ ಎಲ್ಲಿ ಎಂದು ಪಂಪಮ್ಮ ಗಾಡಿಯೊಳಗಿಂದ ಕೇಳಿದಳು. ತಲೆನೋವು ಎಂದ. ಅಷ್ಟರಲ್ಲಿ ಹಾಲೇಶ ಮುಂದಿನ ಸೀಟಿನಲ್ಲಿ ಕೂತು, ಬಾಗಿಲು ಎರಡು ಸಲ ಬಡಿದು "ರೈಟ್" ಅಂದಾಗಿತ್ತು.

ಗೇರು ಹಾಕುವಾಗ ರೇಣುಕಾ ಬಾಗಿಲಿಗೆ ಬಂದು ಕೈ ಮಾಡಿ ಕರೆದಳು. ಮನಸ್ಸು ಬದಲಿಸಿದಳೇನೋ ಎಂದು ಕೊಟ್ರೇಶನಿಗೆ ಆಸೆ ಮೂಡಿತು. ಗಕ್ಕನೆ ಜೀಪು ನಿಲ್ಲಿಸಿ ಕತ್ತು ಹೊರಗೆ ಹಾಕಿದ. ಹಾಲೇಶನನ್ನು ಇಳಿಸಲು ಕೈಯನ್ನೂ ಎತ್ತಿದ್ದ.

ರೇಣುಕಾ ಹತ್ತಿರ ಬಂದು, ಉಳಿದವರಿಗೆ ಕೇಳದಂತೆ ಹೇಳಿದಳು:

"ಏನ್ರಿ, ಮುಂದಿನದು ಇದಕ್ಕಿಂತ ಸ್ವಲ್ಪ ದೊಡ್ಡದು ಮಾಡ್ರಿ. ನಿಮ್ಮಕ್ಕನ ಮನಿಯವರೂ ಹಿಡೀತಾರ."

ಹೇಳಿ, ತಿರುಗಿ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಒಳಗಿನಿಂದ ಅಗಳಿ ಬಿದ್ದದ್ದು ಜೀಪಿನವರೆಗೂ ಕೇಳಿಸಿತು.