ಬೆನ್ನು ಕೇಳದೆ ಮಾಡಿದ ಯಂತ್ರ

ತಪ್ಪು ಇಷ್ಟೇ: ಹಮಾಲರಿಗೆಂದು ಯಂತ್ರ ಮಾಡಿದವರು ಒಬ್ಬ ಹಮಾಲನ ಸೊಂಟಕ್ಕೂ ಟೇಪು ಹಿಡಿಯಲಿಲ್ಲ. ಹರಪನಹಳ್ಳಿಯ ಮೆಕ್ಕೆಜೋಳದ ಮಂಡಿಯಲ್ಲಿ ಸಂಘ ಕಟ್ಟಿಕೊಂಡು ಜಗಳ ಆಡುತ್ತಲೇ ಬಂದವನು ನಾನು. ನಮ್ಮನ್ನು ಕೇಳದೆ ನಮಗೆ ಒಳ್ಳೆಯದು ಮಾಡುವವರು ಬರುತ್ತಲೇ ಇರುತ್ತಾರೆ. ಈ ಸಲ ಬಂದದ್ದು ಮೈಮೇಲೆ ತೊಡುವ ಯಂತ್ರ: ಬೆನ್ನಿಗೆ ಲೋಹದ ಚೌಕಟ್ಟು, ಹೆಗಲಿಗೆ, ಸೊಂಟಕ್ಕೆ ಪಟ್ಟಿ, ತೊಡೆಗೆ ಕಟ್ಟು. ಭಾರ ಎತ್ತುವಾಗ ನಡುವಿಗೆ ಆಸರೆಯಂತೆ.

ಆಸೆಯಿಂದ ಕಾದವನು ನಮ್ಮ ಗ್ಯಾಂಗಿನ ಹಿರಿಯ, ಎಲ್ಲರಿಗೂ ದೊಡ್ಡಪ್ಪ. ಅವನ ನಡು ಸೋತಿದೆ. ಚೀಲ ಹೊರುವುದು ಬಿಡು ಎಂದಿದ್ದಾರೆ ಡಾಕ್ಟರು. ಯಂತ್ರ ಹೊಂದಿದರೆ ಗ್ಯಾಂಗಿನಲ್ಲಿ ಉಳಿಯುತ್ತಾನೆ, ಇಲ್ಲದಿದ್ದರೆ ಮನೆ.

ಚೀಲ ಎಲ್ಲಿ?

ಯಂತ್ರದ ಜೊತೆ ಬಂದ ಇಂಜಿನಿಯರ್ ಹುಡುಗ ದೊಡ್ಡಪ್ಪನಿಗೆ ಅದನ್ನು ತೊಡಿಸಿ, "ಈಗ ಬಗ್ಗಿ ಚೀಲ ಎತ್ತಿ" ಅಂದ.

"ನಾವು ಬಗ್ಗಿ ಎತ್ತಂಗಿಲ್ರಿ. ಇಬ್ಬರು ಎತ್ತಿ ಬೆನ್ನ ಮ್ಯಾಲ ಇಡ್ತಾರ," ಅಂದ ದೊಡ್ಡಪ್ಪ.

ಬೆನ್ನ ಮೇಲೆ ಆಗಲೇ ಯಂತ್ರ ಕುಳಿತಿತ್ತು. ಇಂಜಿನಿಯರ್ ಯಂತ್ರ ನೋಡಿದ, ಚೀಲ ನೋಡಿದ. ದೊಡ್ಡಪ್ಪನಿಗೇ ಆ ಹುಡುಗನ ಮೇಲೆ ಕನಿಕರ ಬಂತು.

"ಬ್ಯಾಸರ ಮಾಡ್ಕೋಬ್ಯಾಡ್ರಿ. ಯಂತ್ರ ನಾ ಹೊರ್ತೀನಿ, ಚೀಲ ನೀವು ತರ್ರಿ."

ಪಟ್ಟಿ ಯಾರಿಗೆ?

ಸೊಂಟದ ಪಟ್ಟಿ ಎಷ್ಟು ಬಿಗಿದರೂ ಯಾವ ಹಮಾಲನಿಗೂ ನಿಲ್ಲದೆ ಮೊಣಕಾಲಿಗೆ ಜಾರಿತು. ಕೊನೆಗೆ ಸರಿಯಾಗಿ ಕೂತದ್ದು ಅಂಗಡಿ ಸಾಹುಕಾರರ ಹೊಟ್ಟೆಗೆ. ಅವರು ಎರಡು ಸುತ್ತು ನಡೆದು, "ಬೆನ್ನು ಭಾಳ ಹಗುರ ಆತು ನೋಡ್ರಿ" ಅಂದರು.

"ಮೊದಲು ಏನ್ ಭಾರ ಇತ್ರಿ ಸಾಹುಕಾರ್ರ?" ಅಂತ ನಾನು ಕೇಳಿದೆ.

ಊಟ

ಅದೇ ಮಂಡಿಯಲ್ಲಿ ಕಾಳು ಹಸನು ಮಾಡುವ ದೊಡ್ಡಪ್ಪನ ಹೆಂಡತಿ, ನಮ್ಮ ದೊಡ್ಡವ್ವ, ಗಂಡನ ಸೊಂಟಕ್ಕೆ ಹಳೆ ಕೌದಿ ಸುತ್ತಿ, ಮೇಲೆ ಪಟ್ಟಿ ಬಿಗಿದಳು. ನಿಂತಿತು. ಆದರೆ ಊಟದ ಹೊತ್ತಿಗೆ ದೊಡ್ಡಪ್ಪನಿಗೆ ನೆಲದ ಮೇಲೆ ಕೂರಲಾಗಲಿಲ್ಲ. ತೊಡೆಯ ಕಟ್ಟು ಬಿಡಲಿಲ್ಲ. ಕೈ ಬಾಯಿಗೆ ಹೋಗದಂತೆ ಹೆಗಲ ಪಟ್ಟಿ ಎಳೆಯುತ್ತಿತ್ತು. ಬಿಚ್ಚಲು ಗೊತ್ತಿದ್ದ ಇಂಜಿನಿಯರ್ ಹೋಟೆಲಿಗೆ ಹೋಗಿದ್ದ.

ದೊಡ್ಡವ್ವ ರೊಟ್ಟಿ ಮುರಿದು, ಪಲ್ಯ ಸುತ್ತಿ ಗಂಡನ ಬಾಯಿಗಿಟ್ಟಳು. "ಮದುವ್ಯಾಗ ಒಮ್ಮಿ ಉಣ್ಣಿಸಿದ್ದೆ. ಅವತ್ತೂ ಹಿಂಗ ಬಿಗಕೊಂಡ ನಿಂತಿದ್ದಿ."

ಇಂಜಿನಿಯರ್ ಓಡಿ ಬಂದ. "ಬಿಚ್ಚಲಾ?"

"ತಡೀರಿ," ಅಂದ ದೊಡ್ಡಪ್ಪ. "ಇನ್ನೊಂದು ರೊಟ್ಟಿ ಐತಿ."

ಹುಡುಗ ನಕ್ಕ, ಆಮೇಲೆ ಟೇಪು ತೆಗೆದು ದೊಡ್ಡಪ್ಪನ ಸೊಂಟ ಅಳೆದ. ಆ ಅಳತೆಯ ಹೊಸ ಯಂತ್ರ ಬರುವವರೆಗೆ ದೊಡ್ಡಪ್ಪನಿಗೆ ಚೀಲದ ಬಾಯಿ ಹೊಲಿಯುವ ಕೆಲಸ ಕೊಟ್ಟು ಗ್ಯಾಂಗಿನಲ್ಲೇ ಇಟ್ಟುಕೊಂಡಿದ್ದೇವೆ.

ನಿಮ್ಮ ಮಂಡಿಗೂ ಇಂಥದ್ದು ಬರುತ್ತದೆ. ತೊಡುವ ಮೊದಲು ಕೇಳಿ: ಯಾರ ಮೈ ಅಳೆದು ಮಾಡಿದಿರಿ? ನಾನೇ ಬಿಚ್ಚಬಹುದಾ? ಕೂತು ಉಣ್ಣಬಹುದಾ? ಉತ್ತರ ಸಿಗದಿದ್ದರೆ ಬಂದ ಗಾಡಿಯಲ್ಲೇ ವಾಪಸ್ ಕಳಿಸಿ.