ಬೀಗಿತ್ತಿಯೂ ನಾನೂ ಮರೆವಿನ ಡಾಕ್ಟರೂ

ಅಡುಗೆಮನೆಗೆ ಹೋಗಿ ಯಾಕೆ ಬಂದೆ ಎಂದು ಯೋಚಿಸುತ್ತಾ ನಿಲ್ಲುವುದನ್ನು ನಾನು ಮರೆವು ಎಂದು ಲೆಕ್ಕಕ್ಕೇ ಹಿಡಿದವಳಲ್ಲ. ಅರವತ್ತು ದಾಟಿದ ಮೇಲೆ ಅಡುಗೆಮನೆಯಲ್ಲಿ ನಿಂತು ಯೋಚಿಸುವ ಹಕ್ಕು ಎಲ್ಲರಿಗೂ ಇದೆ. ಕನ್ನಡಕವನ್ನು ಫ್ರಿಜ್ಜಿನಲ್ಲಿ ಇಟ್ಟಿದ್ದೂ ಉಂಟು; ಸಿಕ್ಕಿದಾಗ ತಣ್ಣಗಿತ್ತು, ಅಷ್ಟೇ. ಆದರೆ ತುಂಬಿದ ಸಭೆಯಲ್ಲಿ ಸ್ವಂತ ಬೀಗಿತ್ತಿಯ ಹೆಸರು ಮರೆತರೆ ಅದನ್ನು ಹಾಗೆ ತೇಲಿಸಿಬಿಡಲು ಆಗುವುದಿಲ್ಲ.

ಅದು ನಡೆದದ್ದು ಹೂಟಗಳ್ಳಿಯಲ್ಲಿ, ನನ್ನ ತಂಗಿಯ ಮಗಳ ಗೃಹಪ್ರವೇಶದ ದಿನ. ನನ್ನ ಸೊಸೆ ದೀಪಾಳ ತಾಯಿಯೂ ಬಂದಿದ್ದರು. ತಂಗಿಯ ನೆಂಟರೊಬ್ಬರು, "ಇವರ್ಯಾರು ಅಂತ ಗೊತ್ತಾಗ್ಲಿಲ್ವಲ್ಲ" ಎಂದು ಕೇಳಿದರು. ನಾನು ಉತ್ಸಾಹದಿಂದ, "ಇವ್ರು ನಮ್ಮ ಬೀಗಿತ್ತಿ ಕಣ್ರೀ, ಶ್ರೀಮತಿ..." ಎಂದು ಶುರುಮಾಡಿದೆ. ಶ್ರೀಮತಿಯವರೆಗೆ ಸಲೀಸಾಗಿ ಬಂದ ನಾಲಿಗೆ ಅಲ್ಲಿಂದ ಮುಂದೆ ಹೋಗಲಿಲ್ಲ. ಮೂರು ವರ್ಷದ ನೆಂಟಸ್ತನ, ಮದುವೆ ಪತ್ರಿಕೆಯ ಪ್ರೂಫನ್ನು ನಾನೇ ತಿದ್ದಿದ್ದೆ. ಗೌರಮ್ಮ, ಪಾರ್ವತಮ್ಮ, ಶಿವಗಂಗಮ್ಮ ಎಲ್ಲರೂ ಸಾಲಾಗಿ ಬಂದು ಹೋದರು; ಬರಬೇಕಾದವರು ಮಾತ್ರ ಬರಲಿಲ್ಲ. ಕೊನೆಗೆ, "ಬನ್ನಿ, ಊಟಕ್ಕೆ ಎಲೆ ಹಾಕಿದಾರೆ" ಎಂದು ಇಬ್ಬರನ್ನೂ ಎಳೆದುಕೊಂಡು ಹೋದೆ. ಆಗಿನ್ನೂ ಬೆಳಿಗ್ಗೆ ಹತ್ತೂವರೆ.

ನಗಬಹುದಾದ ಸಂಗತಿಯೇ. ಆದರೆ ನಾನು ನಗಲಿಲ್ಲ. ಇಪ್ಪತ್ತು ವರ್ಷ ಟ್ರಂಕ್ ಕಾಲ್ ಹಾಕಿಕೊಟ್ಟ ಟೆಲಿಫೋನ್ ಆಪರೇಟರ್ ನಾನು. ಒಂಟಿಕೊಪ್ಪಲಿನ ಅರ್ಧ ಮನೆಗಳ ನಂಬರು ಪುಸ್ತಕ ನೋಡದೆ ಹೇಳುತ್ತಿದ್ದೆ. ಅದಕ್ಕಿಂತ ದೊಡ್ಡ ಕಾರಣ ನನ್ನ ಅಮ್ಮ. ಅವಳಿಗೂ ಮೊದಲು ಹೆಸರುಗಳೇ ಹೋದವು. ಕೊನೆಯ ವರ್ಷ ನಾನು ತಲೆ ಬಾಚುತ್ತಿದ್ದಾಗ, "ಚೆನ್ನಾಗಿ ಬಾಚ್ತೀರಮ್ಮ, ನಿಮ್ದು ಯಾವೂರು?" ಎಂದು ಕೇಳಿದ್ದಳು. ಹೂಟಗಳ್ಳಿಯಿಂದ ವಾಪಸ್ಸು ಬರುವಾಗ ಬಸ್ಸಿನಲ್ಲಿ ನನ್ನ ಕಿವಿಯಲ್ಲಿ ಅದೊಂದೇ ಮಾತು.

ಹದಿನೈದು ದಿನ ಒಳಗೊಳಗೇ ನವೆದು, ಕೊನೆಗೆ ರವಿಕೆ ಹೊಲಿಯಲು ಕೊಟ್ಟು ಬರುತ್ತೇನೆಂದು ಯಜಮಾನರಿಗೆ ಹೇಳಿ ಮಿದುಳಿನ ಡಾಕ್ಟರ ಬಳಿ ಹೋದೆ. ಎರಡನೇ ಮಹಡಿ, ಲಿಫ್ಟು ಕೆಟ್ಟಿತ್ತು. ಏದುಸಿರು ಬಿಡುತ್ತಾ ಬೆಂಚಿನ ಮೇಲೆ ಕುಳಿತು ಪಕ್ಕಕ್ಕೆ ನೋಡಿದರೆ, ಸೆರಗನ್ನು ತಲೆಯ ಮೇಲೆ ಎಳೆದುಕೊಂಡು ಗೋಡೆಯ ಕಡೆ ಮುಖ ತಿರುಗಿಸಿ ಕೂತಿದ್ದಾರೆ, ನಮ್ಮ ಬೀಗಿತ್ತಿ.

ಇನ್ನು ಅಡಗುವುದಕ್ಕೆ ಇಬ್ಬರಿಗೂ ಜಾಗವಿರಲಿಲ್ಲ. "ಏನ್ರೀ, ನೀವಿಲ್ಲಿ?" ಎಂದರು.

"ಮಂಡಿ ನೋವು ಕಣ್ರೀ," ಎಂದೆ.

ಅವರು ಬಾಗಿಲ ಮೇಲಿದ್ದ ಬೋರ್ಡನ್ನು ನಿಧಾನವಾಗಿ ಓದಿ, "ಇವ್ರು ಮಂಡಿ ನೋಡಲ್ಲ ಕಣ್ರೀ, ತಲೆ ನೋಡೋರು. ಸುಮ್ನೆ ಯಾಕೆ ಮುಚ್ಚಿಡೋದು. ನಾನು ಮನೇಲಿ ಮಠದಲ್ಲಿ ಪ್ರವಚನ ಅಂತ ಹೇಳಿ ಬಂದ್ಬುಟ್ಟೆ," ಎಂದರು. ಆಮೇಲೆ ಸ್ವರ ತಗ್ಗಿಸಿ, "ಅವತ್ತು ಹೂಟಗಳ್ಳೀಲಿ ನೀವು ನನ್ ಹೆಸರು ಹೇಳೋಕೆ ತಡವರಿಸಿದ್ರಲ್ಲ, ಆಗ ನಿಮ್ ಹೆಸರು ಏನು ಅಂತ ನಾನೂ ಹುಡುಕ್ತಿದ್ದೆ ಕಣ್ರೀ. ಸಿಗ್ಲೇ ಇಲ್ಲ. ಊಟ ಇಳೀಲಿಲ್ಲ ನಂಗೆ," ಎಂದರು. ಹೇಳುವಾಗ ಅವರ ಕಣ್ಣು ತುಂಬಿತ್ತು. ನಾನು ಅವರ ಕೈ ಹಿಡಿದುಕೊಂಡೆ. ಮಕ್ಕಳ ಮದುವೆಯಲ್ಲಿ ಶಾಸ್ತ್ರಕ್ಕೆ ಹಿಡಿದದ್ದು ಬಿಟ್ಟರೆ ಅದೇ ಮೊದಲು. ಅಷ್ಟರಲ್ಲಿ ನರ್ಸು ಬಾಗಿಲು ತೆರೆದು, "ಸರ್ವಮಂಗಳಮ್ಮ ಯಾರು?" ಎಂದು ಕೂಗಿದಳು. ಬೀಗಿತ್ತಿ ಎದ್ದರು. ಸರ್ವಮಂಗಳ. ಕಳೆದ ಓಲೆ ಸಿಕ್ಕಷ್ಟು ಸಂತೋಷವಾಯಿತು ನನಗೆ.

ನನ್ನ ಸರದಿಯೂ ಬಂತು. ಡಾಕ್ಟರು ಚಿಕ್ಕ ವಯಸ್ಸಿನ ಹೆಣ್ಣುಮಗಳು. ಐದು ಪದ ಹೇಳಿ ನೆನಪಿಟ್ಟುಕೊಳ್ಳಿ ಎಂದಳು. ಗಡಿಯಾರದ ಚಿತ್ರ ಬರೆಸಿದಳು. ನೂರರಿಂದ ಏಳೇಳು ಕಳೆಯಿಸಿದಳು. ಇವತ್ತು ಯಾವ ದಿನ ಎಂದು ಕೇಳಿದ್ದಕ್ಕೆ ತಾರೀಖಿನ ಜೊತೆ ತಿಥಿಯನ್ನೂ ಸೇರಿಸಿ ಹೇಳಿದೆ. ತಿಥಿ ಸರಿಯೋ ತಪ್ಪೋ ಎಂದು ಅವಳಿಗೇ ಗೊತ್ತಾಗಲಿಲ್ಲ.

ಆಮೇಲೆ ಇಬ್ಬರನ್ನೂ ಒಟ್ಟಿಗೆ ಕೂರಿಸಿಕೊಂಡಳು. "ನಿಮ್ಮಿಬ್ಬರಿಗೂ ಏನೂ ಆಗಿಲ್ಲ ಅಮ್ಮ. ವಯಸ್ಸಾದ್ರೆ ನೆನಪಿನ ಜಾಗದಲ್ಲಿರೋ ನರಕೋಶಗಳೆಲ್ಲ ಸತ್ತೋಗುತ್ತೆ ಅಂದ್ಕೊಂಡಿರ್ತಾರೆ. ಹಾಗಲ್ಲ. ಕೆಲವು ನಿಧಾನ ಆಗುತ್ತೆ. ಇನ್ನು ಕೆಲವು ಸುಮ್ಮನಿರಬೇಕಾದಾಗ ಜಾಸ್ತಿ ಕೆಲಸ ಮಾಡುತ್ತೆ. ಅದಕ್ಕೇ ಒಂದೇ ಥರದ ಹೆಸರುಗಳೆಲ್ಲ ಒಟ್ಟಿಗೆ ನುಗ್ಗಿ ಬೇಕಾದ್ದು ಹಿಂದೆ ಉಳಿಯುತ್ತೆ. ತಡವಾಗಿ ಬರುತ್ತೆ, ಆದ್ರೆ ಬರುತ್ತೆ."

"ಅಂದ್ರೆ ಕ್ರಾಸ್ ಟಾಕ್," ಎಂದೆ. ಎಕ್ಸ್‌ಚೇಂಜಿನಲ್ಲಿ ಒಬ್ಬರ ಲೈನಿನಲ್ಲಿ ಇನ್ನೊಬ್ಬರ ಮಾತು ಕೇಳಿಸುತ್ತಿದ್ದ ಕಾಲ ಅವಳಿಗೆಲ್ಲಿ ಗೊತ್ತು. ಆದರೂ ತಲೆಯಾಡಿಸಿದಳು.

"ನಮ್ಮಮ್ಮಂಗೆ ಆಗಿದ್ದು?" ಎಂದು ಕೇಳಿದೆ.

"ಅದು ಕಾಯಿಲೆ ಅಮ್ಮ. ಇದು ವಯಸ್ಸು. ಎರಡೂ ಬೇರೆ. ವರ್ಷಕ್ಕೊಂದ್ಸಲ ಬಂದು ತೋರಿಸ್ಕೊಂಡು ಹೋಗಿ."

ಎರಡು ಮಹಡಿ ಇಳಿದದ್ದು ಕಾಲಿಗೆ ಗೊತ್ತಾಗಲಿಲ್ಲ. ಕೆಳಗಿನ ಹೋಟೆಲಿನಲ್ಲಿ ಇಬ್ಬರೂ ಮಸಾಲೆ ದೋಸೆ ತಿಂದೆವು. ಸರ್ವಮಂಗಳಮ್ಮನವರು ಇನ್ನೊಂದು ತರಿಸಿಕೊಂಡರು. ಈ ವಿಷಯ ಮನೆಯಲ್ಲಿ ಯಾರಿಗೂ ಹೇಳಬಾರದೆಂದು ಮಾತು ಕೊಟ್ಟುಕೊಂಡೆವು.

ನಾನು ಮನೆಗೆ ಹೋಗಿ ಚಪ್ಪಲಿ ಬಿಡುವಷ್ಟರಲ್ಲಿ ಎಲ್ಲ ಹೇಳಿಬಿಟ್ಟೆ. ಅಷ್ಟು ದೊಡ್ಡ ನೆಮ್ಮದಿಯನ್ನು ಹೊಟ್ಟೆಯಲ್ಲಿಟ್ಟುಕೊಳ್ಳಲು ದೋಸೆಯ ಮೇಲೆ ಜಾಗವೂ ಇರಲಿಲ್ಲ. ಯಜಮಾನರು ಪೂರ್ತಿ ಕೇಳಿದರು. ಒಬ್ಬಳೇ ಯಾಕೆ ಹೋದೆ, ನಾನೂ ಬರ್ತಿದ್ದೆ ಎಂದು ಗದರಿದರು. ಕನ್ನಡಕ ತೆಗೆದು ಒರೆಸಿಕೊಂಡರು. ಆಮೇಲೆ ಮೆಲ್ಲಗೆ, "ಹಂಗಾದ್ರೆ ನಿನ್ ಜ್ಞಾಪಕಶಕ್ತಿ ಸರಿಯಾಗಿದೆ ಅಂತಾಯ್ತು," ಎಂದರು.

"ಚೆನ್ನಾಗಿದೆಯಂತೆ."

"ಮತ್ತೆ ಇಲವಾಲಕ್ಕೆ ನಮ್ಮಕ್ಕನ್ನ ನೋಡೋಕೆ ಹೋಗೋಣ ಅಂತ ನಾಲ್ಕು ಭಾನುವಾರ ಹೇಳ್ದೆ. ನಾಲ್ಕು ಸಲಾನೂ ಅಯ್ಯೋ ಮರ್ತೇಹೋಯ್ತು ಅಂದ್ಯಲ್ಲ, ಅದು?"

ನಿಧಾನವಾದವು, ಗಲಾಟೆ ಮಾಡುವವು, ನನ್ನ ತಲೆಯೊಳಗಿನ ಯಾವ ನರಕೋಶವೂ ಆಗ ನನ್ನ ನೆರವಿಗೆ ಬರಲಿಲ್ಲ. ಮುಂದಿನ ಭಾನುವಾರವೇ ಇಲವಾಲಕ್ಕೆ ಹೋದೆವು. ಇವರ ಅಕ್ಕ ಪಿತ್ತಕೋಶದ ಕಲ್ಲು ತೆಗೆಸಿದ ಕಥೆಯನ್ನು, ಆಸ್ಪತ್ರೆಯ ತಿಳಿಸಾರಿನ ರುಚಿಯೂ ಸೇರಿದಂತೆ, ಮೂರು ಗಂಟೆ ಹೇಳಿದರು. ಅದರಲ್ಲಿ ಇವತ್ತಿಗೂ ನನಗೆ ಒಂದಕ್ಷರ ಮರೆತಿಲ್ಲ.