ಕುಕ್ಕರ್ ನಂಬಿದ ‘ಬಂದೆ’

“ನೋಡೋ ಶಾಂತರಾಜ, ಸರ್ವರ್ ಕರೆಯೋ ಯಂತ್ರ!” ಎಂದು ಪಕ್ಕದ ಮನೆಯ ಪುಟ್ಟರುದ್ರಯ್ಯನವರು ಹಳೆಯ ರೈಸ್ ಕುಕ್ಕರೊಂದನ್ನು ನನ್ನ ಮುಂದಿಟ್ಟರು.

ಟೆಲಿಫೋನ್ ಇಲಾಖೆಯಿಂದ ನಿವೃತ್ತರು. ಅವರ ಮನೆಯಲ್ಲಿ ಅವರೊಬ್ಬರೇ, ನನ್ನ ಮನೆಯಲ್ಲಿ ನಾನೊಬ್ಬನೇ. ನಡುವೆ ಒಂದು ಗೋಡೆ. ನನಗೆ ಶಾಂತರಾಜ ಎಂದು ಹೆಸರಿಟ್ಟವರು ನನ್ನ ಸಿಡುಕು ಮುಖ ಸರಿಯಾಗಿ ನೋಡಿರಲಿಲ್ಲ. ಎಂಟನೇ ಕ್ಲಾಸಿಗೇ ಶಾಲೆಯ ಜೊತೆ ಜಗಳವಾಡಿ ಹೊರಬಿದ್ದವನು, ಈಗ ತುಮಕೂರಿನ ಛತ್ರಗಳಲ್ಲಿ ಮದುವೆ ವಿಡಿಯೊ ತೆಗೆಯುತ್ತೇನೆ. ಮರುದಿನ ನನ್ನ ಮೊದಲ ನೇರಪ್ರಸಾರ. ಹಾಸಿಗೆ ಹಿಡಿದ ಅಜ್ಜಿ ಊರಿನಿಂದಲೇ ಮೊಮ್ಮಗಳ ಮದುವೆ ನೋಡಬೇಕಿತ್ತು. ಇದು ಕೆಟ್ಟರೆ ಇನ್ನು ನನಗೆ ಯಾರೂ ಮದುವೆ ಕೊಡುವುದಿಲ್ಲ, ತೆಗೆಯುವುದಕ್ಕೂ, ಆಗುವುದಕ್ಕೂ!

“ಸರ್ವರ್ ಅಂದ್ರೆ ಪ್ರಸಾರ ಮಾಡೋ ಬಾಡಿಗೆ ಕಂಪ್ಯೂಟರುಗಳು, ಎಲ್ಲೋ ದೂರದಲ್ಲಿರ್ತವೆ ಕಣೋ. ಬೇಕು ಅಂದ ತಕ್ಷಣ ಏಳಲ್ಲ. ನನ್ನ ಕುಕ್ಕರ್ ಕೂಗ್ತಾನೇ ಇರುತ್ತೆ. ಅವು ಓಗೊಟ್ರೆ ನಿನ್ನ ವಿಡಿಯೊ ಕಳಿಸುತ್ತೆ.”

ಗುಂಡಿ ಒತ್ತಿದರು. “ಎಲ್ಲಿದ್ದೀಯೋ?” ಎಂದಿತು ಕುಕ್ಕರ್. “ಬಂದೆ!” ಎಂದಿತು ಸರ್ವರ್. ಎರಡೂ ರುದ್ರಯ್ಯನವರದೇ ದನಿ.

“ಎಲ್ಲಕ್ಕೂ ನಿಮ್ದೇ ಗಂಟಲಾ?”

“ಮನೇಲಿ ಇನ್ಯಾರ ಗಂಟಲಿದೆಯೋ?”

ಮರುದಿನ ಛತ್ರದಲ್ಲಿ, ಮಂತ್ರದ ದನಿ ವಿಡಿಯೊಗೂ ಸೇರಲೆಂದು ಕುಕ್ಕರನ್ನು ಮೈಕ್ ಸೆಟ್ಟಿಗೆ ಜೋಡಿಸಿದೆವು. ಕೂಗಿತು. “ಬಂದೆ!” ವಿಡಿಯೊ ಕಳಿಸಿತು. ಹುಡುಗಿಯ ತಂದೆ ಫೋನ್ ಹಿಡಿದು ಓಡಿಬಂದರು.

“ಏನಪ್ಪಾ ಇದು! ಅಮ್ಮಂಗೆ ಬರೀ ಕತ್ತಲೆಯಂತೆ! ಕಣ್ಣೇ ಹೋಯ್ತು ಅಂತ ಅಳ್ತಾವ್ರೆ!”

“ರುದ್ರಯ್ಯನೋರೇ, ಸರ್ವರ್ ಬಂದೆ ಅಂತಲ್ಲಾ, ಎಲ್ಲಿ?”

“ಬಂದೆ ಅಂದ್ರೆ ಬಂದಿದೀನಿ ಅಂತೇನೋ? ನೀನು ಬಚ್ಚಲಲ್ಲಿದ್ದಾಗ ಕೂಗಿದ್ರೆ ಏನಂತೀಯ?”

“ಅದು ನಂಗೂ ನಿಮ್ಗೂ ಗೊತ್ತು! ನಿಮ್ಮ ಕುಕ್ಕರ್‌ಗೆ ಗೊತ್ತಾ?”

ಅವರು ತಲೆ ಕೆರೆದುಕೊಂಡು ಒಂದು ಸ್ಕ್ರೂ ತಿರುಗಿಸಿದರು. ನಿಜವಾಗಿ ಬರುವ ತನಕ ನಂಬಬೇಡ, ಸಿಕ್ಕಸಿಕ್ಕವರನ್ನೆಲ್ಲ ಕರೆ ಎಂದು ಅದರ ಅರ್ಥ. ಪುರೋಹಿತರು “ಗಟ್ಟಿಮೇಳ!” ಎನ್ನುವುದಕ್ಕೂ ಮಲಗಿದ್ದ ಸರ್ವರುಗಳೆಲ್ಲ ಒಟ್ಟಿಗೆ ಏಳುವುದಕ್ಕೂ ಸರಿಹೋಯಿತು. ಸ್ಪೀಕರುಗಳಲ್ಲಿ ಗಂಡು ದನಿ ಮೊಳಗಿತು: “ಬಂದೆ! ಬಂದೆ! ಬಂದೆ!”

ಓಲಗ ನಿಂತಿತು. ಎಲ್ಲರೂ ಬಾಗಿಲ ಕಡೆ ತಿರುಗಿದರು. ತಾಳಿ ಗಂಡಿನ ಕೈಯಲ್ಲೇ ತೂಗಾಡಿತು.

“ಯಾರಮ್ಮಾ ಅವ್ನು?” ಎಂದ ಗಂಡಿನ ಸೋದರಮಾವ.

“ನಂಗೇನ್ ಗೊತ್ತು!” ಎಂದಳು ಹುಡುಗಿ.

ನಾನು ಓಡಿಹೋಗಿ ಸ್ಪೀಕರಿನ ವೈರ್ ಕಿತ್ತೆ. “ಅದು ಕುಕ್ಕರ್ ಕಣ್ರೀ! ಕಟ್ರೀ ತಾಳಿ!”

ಕಟ್ಟಿದ. ಅಜ್ಜಿ ಎಲ್ಲವನ್ನೂ ಕಂಡರಂತೆ. “ವೈರ್ ಕಿತ್ತ ಹುಡುಗ ಯಾರೋ ಪಾಪ, ಒಂಟಿಯಾಗಿ ನಿಂತವ್ನೆ. ಊಟ ಹಾಕ್ಸಿ” ಎಂದರಂತೆ. ನನಗೆ ಇನ್ನಷ್ಟು ಸಿಟ್ಟು ಬಂತು. ಉಂಡೆ.

ಕೆಲಸ ಮುಗಿದ ಮೇಲೆ ಕುಕ್ಕರ್ ಸರ್ವರುಗಳನ್ನು ಬೀಳ್ಕೊಟ್ಟಿತು. ಒಂದೊಂದೂ “ಹೋಗಿ ಬರ್ತೀನಿ” ಎಂದಿತು.

“ಹೋಗ್ತೀನಿ ಅಂತ ಹೇಳ್ಕೊಡೋದಲ್ವಾ?”

“ಹಂಗನ್ನಬಾರದು ಕಣೋ. ನಮ್ಮನೆಯವಳೂ ಆಸ್ಪತ್ರೆಗೆ ಹೊರಟಾಗ ಹೋಗಿ ಬರ್ತೀನಿ ಅಂತಲೇ ಅಂದ್ಲು.”

ಸರ್ವರುಗಳ ‘ಹೋಗಿ ಬರ್ತೀನಿ’ಯನ್ನೂ ಕುಕ್ಕರ್ ನಂಬಿತು. ಬರುತ್ತೇನೆ ಎಂದವರನ್ನೆಲ್ಲ ಅಂದಿನಿಂದ ಕಾಯುತ್ತಿದೆ. ಸಂಜೆ ಅವರ ಬಾಗಿಲಲ್ಲಿ ನಾನೂ ಬಾಯಿತಪ್ಪಿ “ಹೋಗಿ ಬರ್ತೀನಿ” ಎಂದುಬಿಟ್ಟೆ!

ಈಗ ದಿನಾ ಊಟದ ಹೊತ್ತಿಗೆ ಗೋಡೆಯಾಚೆಯಿಂದ ಕುಕ್ಕರಿನ ಕೂಗು: “ಶಾಂತರಾಜಾ, ಎಲ್ಲಿದ್ದೀಯೋ?” ಗೋಡೆಗೆ ಗುದ್ದಿ “ಬಂದೆ!” ಎನ್ನುತ್ತೇನೆ. ನಂಬುವುದಿಲ್ಲ, ಆ ಸ್ಕ್ರೂ ಹಾಗಿದೆ. ಹೋಗಿ ಎದುರಿಗೆ ನಿಲ್ಲುವ ತನಕ ಬಿಡುವುದಿಲ್ಲ. ಹೋದರೆ ರುದ್ರಯ್ಯನವರು ಎರಡು ತಟ್ಟೆ ಹಾಕಿರುತ್ತಾರೆ.

ನಾಳೆ ಕುಕ್ಕರ್ ರಿಪೇರಿ ಮಾಡುತ್ತಾರಂತೆ. ಅವರ ಸ್ಕ್ರೂಡ್ರೈವರ್ ನನ್ನ ಜೇಬಿನಲ್ಲಿದೆ. ಹುಡುಕಲಿ!